ಹಂಚಿನ ಮ್ಯಾಲೆ ನೀರು ಬಿದ್ದಂಗ

ಗದಗ ಜಿಲ್ಲೆಯ ಕಪ್ಪತಗುಡ್ಡದ ಬುಡದಲ್ಲಿ, ಡೋಣಿ ಕಡೆ, ನಮ್ಮ ಮಾವನ ಹೊಲ ಇದೆ. ಹೊಲಕ್ಕಿಂತ ಕಲ್ಲೇ ಜಾಸ್ತಿ. ವರ್ಷವರ್ಷ ಆರಿಸಿ ಬದುವಿಗೆ ಒಟ್ಟಿದ್ದು ಈಗ ಎದೆಮಟ್ಟ ಬಂದಿದೆ. ಗರಗಸ ಮಂಡಲ ಅನ್ನುವ ವಿಷದ ಹಾವಿನ ಸದ್ದನ್ನು ರೆಕಾರ್ಡ್ ಮಾಡಬೇಕು ಅಂತ ನಾನು ಹಟ ಹಿಡಿದದ್ದು ಆ ಬದುವಿನ ಮೇಲೆ. ಗುಡ್ಡ 2019ರಿಂದ ವನ್ಯಜೀವಿ ಧಾಮ, ಸುಮ್ನೆ ಒಳಗೆ ನುಗ್ಗುವ ಹಾಗಿಲ್ಲ.

ಮೊದಲ ಬೇಸಿಗೆ ಮಾಡಿದ್ದೆಲ್ಲ ತಪ್ಪೇ. ಹಗಲಲ್ಲಿ ಬರಿಗೈಯಿಂದ ಕಲ್ಲು ಎತ್ತಿ ನೋಡುತ್ತಿದ್ದೆ. ಒಂದರಡಿ ಚೇಳು ಸಿಕ್ಕಿತು. ಚೇಳು, ಜರಿ, ಹಲ್ಲಿ ಎಲ್ಲ ಈ ಹಾವಿನ ಊಟ, ಹಾಗಾಗಿ ಹಿಗ್ಗಿನಿಂದ ಪಕ್ಕದ ಕಲ್ಲಿಗೂ ಕೈ ಹಾಕಿದೆ. ಕುರಿ ಕಾಯುತ್ತಿದ್ದ ಕಾಕಾ ಬೈದರು: "ಏ ತಮ್ಮಾ, ಕೈ ಬ್ಯಾಡಾಗೇತೇನು? ರಾತ್ರಿ ಬಾ. ಕಾದ ಹಂಚಿನ ಮ್ಯಾಲೆ ನೀರು ಬಿದ್ದಂಗ ಸಪ್ಪಳಾತಂದ್ರ ಅಲ್ಲೇ ನಿಂದ್ರು."

ರಾತ್ರಿ ಗಮ್‌ಬೂಟು ಹಾಕಿ, ಮಾವನ ಮಗನನ್ನು ಕರೆದುಕೊಂಡು ಹೋದೆ. ಟಾರ್ಚನ್ನು ಮೊಣಕಾಲಿನ ಮಟ್ಟಕ್ಕೆ ಇಳಿಸಿ ಓರೆಯಾಗಿ ಬೆಳಕು ಬಿಟ್ಟೆ. ಐದನೇ ರಾತ್ರಿ ಸಪ್ಪಳ ಬಂತು. ಥೇಟ್ ರೊಟ್ಟಿ ಹಂಚಿನದೇ!

ಒಂದೂವರೆ ಗೇಣಿನ ಹಾವು. ತಲೆ ಮೇಲೆ ಹಕ್ಕಿ ಹೆಜ್ಜೆಯಂಥ ಬಿಳಿ ಗುರುತು. ಮೈಯನ್ನು ಅರ್ಧಚಂದ್ರದ ಹಾಗೆ ಮಡಚಿಕೊಂಡಿತ್ತು, ತಲೆ ನಡುವೆ. ಒಂದು ಮಡಿಕೆ ಈ ಕಡೆ ಜಾರಿದರೆ ಪಕ್ಕದ್ದು ಆ ಕಡೆ. ಪಕ್ಕೆಯ ಹುರುಪೆಗಳು ಓರೆಯಾಗಿ, ಗರಗಸದ ಹಲ್ಲಿನ ಹಾಗಿವೆ. ಅವು ಒಂದಕ್ಕೊಂದು ಉಜ್ಜಿದಾಗ ಬರುವ ಸದ್ದದು, ಬಾಯಿಯದಲ್ಲ. ಅಷ್ಟೆಲ್ಲ ಮೈ ಆಡುತ್ತಿದ್ದರೂ ತಲೆ ಮಾತ್ರ ನನ್ನ ಕಡೆಗೇ ನೆಟ್ಟಿತ್ತು.

ಆದರೆ ಫೋನಿನಲ್ಲಿ ಬರೀ ಗಾಳಿ. ಮರುದಿನ ಫೋನಿಗೆ ಹಳೇ ಕಾಲುಚೀಲ ಹಾಕಿ ಉದ್ದನೆ ಕೋಲಿಗೆ ಕಟ್ಟಿ ಚಾಚಿದೆ. ಹಾವು ಬಾಯಿ ಹಾಕಿದ್ದು ನನಗೆ ಕಾಣಲೇ ಇಲ್ಲ. ಹಿಂದಕ್ಕೆ ಎಳೆದು ನೋಡಿದರೆ ಕಾಲುಚೀಲದ ಮೇಲೆ ಎರಡು ಹಸಿ ಚುಕ್ಕೆ. ಇನ್ನಷ್ಟು ಉದ್ದದ ಕೋಲು ತರಬೇಕಿತ್ತು ಅನ್ನುವುದಲ್ಲ, ಅಷ್ಟು ಹತ್ತಿರ ಹೋಗಿ ಅದನ್ನು ಕೆಣಕಲೇಬಾರದಿತ್ತು.

ವಿಷಯ ಕೇಳಿದ ಮಾವ ಒಂದು ಷರತ್ತು ಹಾಕಿದರು. ಬೈಕಿನಲ್ಲಿ ಪೆಟ್ರೋಲ್ ಇರಬೇಕು, ವಿಷಕ್ಕೆ ಇಂಜೆಕ್ಷನ್ ಯಾವ ಆಸ್ಪತ್ರೆಯಲ್ಲಿದೆ ಅಂತ ಮೊದಲೇ ವಿಚಾರಿಸಿರಬೇಕು. ನಮ್ಮಲ್ಲಿ ಸಿಗುವ ಇಂಜೆಕ್ಷನ್ ನಾಗರಹಾವು, ಕಟ್ಟಿಗೆ ಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಆಗುತ್ತದೆ. ಗರಗಸ ಮಂಡಲದ ವಿಷಕ್ಕೆ ರಕ್ತ ಹೆಪ್ಪುಗಟ್ಟುವುದೇ ಇಲ್ಲ. ಆಸ್ಪತ್ರೆಯಲ್ಲಿ ಒಂದಿಷ್ಟು ರಕ್ತವನ್ನು ಗಾಜಿನ ಕೊಳವೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು, ಆಮೇಲೆ ಬಾಗಿಸಿ ನೋಡುತ್ತಾರೆ. ನೀರಿನಂತೆ ಹರಿದರೆ ವಿಷ ಏರಿದೆ ಅಂತ ಲೆಕ್ಕ. ಸಣ್ಣ ಹಾವು, ಏನಾಗಲ್ಲ ಅಂತ ಮಂತ್ರ ಹಾಕಿಸುತ್ತಾ ಕೂರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಸದ್ದು ಕೊನೆಗೂ ಸಿಕ್ಕಿತು, ಗಾಳಿ ನಿಂತ ಒಂದು ರಾತ್ರಿ, ದೂರದಿಂದಲೇ. ಅದಾದ ಮೇಲೆ ಒಳ್ಳೆ ಮಳೆ ಬಂತು. ಮಳೆ ನಿಂತಾಗ ಮತ್ತೆ ಹೋದೆವು. ಬದುವಿನುದ್ದಕ್ಕೂ ನೆಲ ನೋಡುತ್ತಾ ನಡೆದೆ. ಒಂದೂ ಇಲ್ಲ. ಹಿಂದಿನಿಂದ ಮಾವನ ಮಗ ಪಿಸುಗುಟ್ಟಿದ: "ಮಾಮಾ, ಅಳ್ಳಾಡಬ್ಯಾಡ್ರಿ." ನನ್ನ ಸೊಂಟದ ಪಕ್ಕ, ಬಂದರಿಕೆ ಗಿಡದ ಕವಲಿನಲ್ಲಿ ಹೊಟ್ಟೆ ದಪ್ಪಗಿದ್ದ ಹೆಣ್ಣು ಹಾವು ಸುತ್ತಿ ಕೂತಿತ್ತು. ಇದು ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹಾಕುತ್ತದೆ. ಮಳೆ ಬಿದ್ದಾಗ ಗಿಡ ಹತ್ತುತ್ತದೆ ಅಂತ ಓದಿದ್ದೆ, ಆದರೂ ನೆಲವನ್ನೇ ನೋಡಿದ್ದೆ. ಆ ಹಾವು ಸಪ್ಪಳವನ್ನೂ ಮಾಡಲಿಲ್ಲ.