ಸೈಕಲ್ಲಿನ ಕಾರ್ಬನ್ ರಿಮ್ ಮೇಲೆ ಗೀರು ಬಿದ್ದಿದೆ, ಓಡಿಸಬಹುದಾ?

ಫುಟ್‌ಪಾತ್ ಅಂಚಿಗೆ ಉಜ್ಜಿರುತ್ತದೆ, ಕಾರಿನ ಡಿಕ್ಕಿಯಲ್ಲಿ ಇಟ್ಟಾಗ ಇನ್ನೊಂದು ಸೈಕಲ್ಲಿನ ಪೆಡಲ್ ತಾಗಿರುತ್ತದೆ, ಇಲ್ಲಾ ಗುಂಡಿಗೆ ಇಳಿದಿರುತ್ತದೆ. ಫೋಟೋ ತೆಗೆದು ಗ್ರೂಪಿಗೆ ಹಾಕಿದರೆ ಅರ್ಧ ಜನ "ಏನಾಗಲ್ಲ, ಓಡಿಸು ಗುರು" ಅಂತಾರೆ, ಇನ್ನರ್ಧ ಜನ ಇವತ್ತೇ ಎಸಿ ಅಂತಾರೆ. ಇಬ್ಬರ ಮಾತನ್ನೂ ಬಿಡಿ. ಇದು ಫೋಟೋ ನೋಡಿ ಹೇಳುವ ವಿಷಯ ಅಲ್ಲ, ಚಕ್ರ ಬಿಚ್ಚಿ ಕೈಯಲ್ಲಿ ಹಿಡಿಯಬೇಕು.

ಮೊದಲು ನೆನಪು ಮಾಡಿಕೊಳ್ಳಿ: ಈ ಗೀರು ಉಜ್ಜಿ ಆದದ್ದಾ, ಹೊಡೆದು ಆದದ್ದಾ? ನನ್ನ ಪ್ರಕಾರ ಅರ್ಧ ತೀರ್ಮಾನ ಇಲ್ಲೇ ಆಗುತ್ತದೆ. ಅಲ್ಯೂಮಿನಿಯಂ ರಿಮ್‌ಗೆ ಪೆಟ್ಟು ಬಿದ್ದರೆ ಬಾಗುತ್ತದೆ, ತಗ್ಗು ಬೀಳುತ್ತದೆ, ಕಣ್ಣಿಗೆ ಕಾಣುತ್ತದೆ. ಕಾರ್ಬನ್ ಹಾಗಲ್ಲ. ತೆಳುವಾದ ನಾರಿನ ಪದರಗಳನ್ನು ಒಂದರ ಮೇಲೊಂದು ಇಟ್ಟು ಎಪಾಕ್ಸಿ ಅನ್ನೋ ಅಂಟಿನಲ್ಲಿ ಗಟ್ಟಿ ಮಾಡಿರುತ್ತಾರೆ, ಜೋರಾಗಿ ಪೆಟ್ಟು ಬಿದ್ದಾಗ ಒಳಗಿನ ಪದರಗಳು ಒಂದನ್ನೊಂದು ಬಿಟ್ಟುಕೊಂಡರೂ ಮೇಲುಗಡೆ ಸಣ್ಣ ಬಿಳಿ ಚುಕ್ಕೆ ಮಾತ್ರ ಉಳಿದಿರಬಹುದು. ಹಾಗಾಗಿ ಗೋಡೆಗೆ ಸವರಿಕೊಂಡು ಹೋದ ಗೇಣುದ್ದದ ಗೀರಿಗಿಂತ, ಗುಂಡಿಯಲ್ಲಿ 'ಠಣ್' ಅಂತ ಸದ್ದು ಬಂದು ಆದ ಕಡಲೆಕಾಳಿನಷ್ಟು ಗುರುತಿಗೆ ನಾನು ಜಾಸ್ತಿ ಹೆದರುತ್ತೇನೆ.

ಈಗ ಟೈರ್ ಬಿಚ್ಚಿ, ರಿಮ್ ಟೇಪನ್ನೂ ಕಿತ್ತುಬಿಡಿ. ಸೋಪು ನೀರಲ್ಲಿ ತೊಳೆದು ಒಣಗಿಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ಥಿನ್ನರ್, ಅಸಿಟೋನ್ ಹತ್ತಿರಕ್ಕೂ ತರಬೇಡಿ. ಒರೆಸಿದ ತಕ್ಷಣ ಆ ಜಾಗವನ್ನೇ ನೋಡುತ್ತಿರಿ. ಸುತ್ತಲಿನ ಆಲ್ಕೋಹಾಲ್ ಕ್ಷಣದಲ್ಲಿ ಆರಿಹೋಗುತ್ತದೆ, ಬಿರುಕು ಇದ್ದರೆ ಅದರೊಳಗೆ ಇಳಿದದ್ದು ಮಾತ್ರ ಕಪ್ಪು ಕೂದಲೆಳೆ ಹಾಗೆ ಸ್ವಲ್ಪ ಹೊತ್ತು ಒದ್ದೆಯಾಗೇ ಇರುತ್ತದೆ. ಟಾರ್ಚನ್ನು ನೇರವಾಗಿ ಬಿಡಬೇಡಿ, ರಿಮ್‌ಗೆ ತಾಗಿಸಿದಂತೆ ಪಕ್ಕದಿಂದ ಬಿಡಿ. ಉಬ್ಬು ತಗ್ಗು ಆಗ ಎದ್ದು ಕಾಣುತ್ತದೆ.

ಆಮೇಲೆ ಉಗುರು. ಗೀರಿಗೆ ಅಡ್ಡಲಾಗಿ ಉಗುರು ಎಳೆಯಿರಿ. ಜಾರಿಕೊಂಡು ಹೋದರೆ, ಗೀರು ಬೆಳ್ಳಗಿದ್ದರೆ, ಮೇಲಿನ ಲ್ಯಾಕರ್, ಅಂದರೆ ಹೊಳಪಿನ ಲೇಪ ಮಾತ್ರ ಹೋಗಿದೆ ಅಂತ ಲೆಕ್ಕ. ಉಗುರು ಸಿಕ್ಕಿ ನಿಂತರೆ ಹತ್ತಿ ಉಂಡೆ ತಗೊಂಡು ಅದೇ ಜಾಗದ ಮೇಲೆ ಎರಡೂ ದಿಕ್ಕಿಗೆ ಸವರಿ. ಹತ್ತಿಯ ಎಳೆ ಸಿಕ್ಕಿಹಾಕಿಕೊಂಡು ರಿಮ್ ಮೇಲೆ ಉಳಿಯಿತು ಅಂದರೆ ಕಾರ್ಬನ್ ನಾರು ಕತ್ತರಿಸಿ ಹೊರಗೆ ಬಂದಿದೆ. ಇದನ್ನು ಬರಿ ಬೆರಳಲ್ಲಿ ಮಾಡಬೇಡಿ, ಸಿಬಿರು ಚುಚ್ಚಿಕೊಂಡರೆ ತೆಗೆಯೋದು ಸಾಕುಸಾಕಾಗುತ್ತದೆ.

ಗೀರು ಎಲ್ಲಿದೆ ಅನ್ನೋದೂ ಅಷ್ಟೇ ಮುಖ್ಯ. 50 ಮಿ.ಮೀ. ಆಳದ ರಿಮ್‌ನಲ್ಲಿ ಪಕ್ಕದ ಗೋಡೆಯ ನಡುಭಾಗದಲ್ಲಿ ಲ್ಯಾಕರ್ ಹೋಗಿದ್ದರೆ ನಾನು ತಲೆ ಕೆಡಿಸಿಕೊಳ್ಳಲ್ಲ. ಸ್ಪೋಕ್ ರಂಧ್ರದ ಸುತ್ತ ಸಣ್ಣ ಗೆರೆ ಕಂಡರೂ ನಿಲ್ಲಿಸಿ, ಅಲ್ಲಿ ಒಂದೊಂದು ಸ್ಪೋಕೂ 100 ಕೆ.ಜಿ. ಆಸುಪಾಸಿನ ಬಲದಲ್ಲಿ ಸದಾ ಎಳೆಯುತ್ತಲೇ ಇರುತ್ತದೆ. ಇನ್ನು ಟೈರ್ ಕೂರುವ ಅಂಚು. ಇಲ್ಲಿ ನನ್ನದು ರಾಜಿ ಇಲ್ಲದ ಮಾತು: ಅಂಚು ಚಕ್ಕೆ ಎದ್ದಿದ್ದರೆ ಆ ಚಕ್ರ ಮುಗಿಯಿತು. ಗಾಳಿಯ ಒತ್ತಡ ಟೈರನ್ನು ಹೊರಕ್ಕೆ ತಳ್ಳುತ್ತಿರುತ್ತದೆ, ತಡೆದು ಹಿಡಿಯೋದು ಆ ಅಂಚೇ. ಹುಕ್‌ಲೆಸ್ ರಿಮ್ ಆದರಂತೂ ಅಂಚಿನಲ್ಲಿ ಟೈರ್ ಹಿಡಿಯುವ ಕೊಕ್ಕೆಯೇ ಇಲ್ಲ, ಅದಕ್ಕೇ ಅಲ್ಲಿ ಒತ್ತಡದ ಮಿತಿ 5 ಬಾರ್, ಅಂದರೆ 72.5 ಪಿಎಸ್‌ಐ. 2024ರ ಯುಎಇ ಟೂರ್ ಸೈಕಲ್ ರೇಸಿನಲ್ಲಿ ಬೆಲ್ಜಿಯಂನ ರೇಸರ್ ಥಾಮಸ್ ಡೆ ಗೆಂಟ್ ಬಿದ್ದಾಗ ಹುಕ್‌ಲೆಸ್ ರಿಮ್‌ನಿಂದ ಟೈರ್ ಕಳಚಿ ಬಂದಿದ್ದನ್ನು ಎಲ್ಲರೂ ನೋಡಿದರು. ತಪ್ಪು ರಿಮ್‌ದಾ ಟೈರ್‌ದಾ ಅಂತ ಆಮೇಲೆ ಬೇಕಾದಷ್ಟು ವಾದ ಆಯಿತು, ಅದು ಬೇರೆ ಕತೆ.

ಮುಂದೆ ಸದ್ದು ಕೇಳುವುದು. ಒಂದು ನಾಣ್ಯ ತಗೊಂಡು, ಮಡಕೆ ಕೊಳ್ಳುವಾಗ ತಟ್ಟಿ ನೋಡುತ್ತೇವಲ್ಲ, ಹಾಗೆ ಮೆಲ್ಲಗೆ ರಿಮ್ ಸುತ್ತ ತಟ್ಟುತ್ತಾ ಹೋಗಿ. ಗಟ್ಟಿ ಕಾರ್ಬನ್ 'ಟಕ್ ಟಕ್' ಅಂತ ಸ್ಪಷ್ಟವಾಗಿ ಹೇಳುತ್ತದೆ, ಪದರ ಬಿಟ್ಟಿರುವ ಕಡೆ ಸದ್ದು ಮಂಕಾಗಿ 'ಪೊದ್' ಅನ್ನುತ್ತದೆ. ಆದರೆ ವಾಲ್ವ್ ಹತ್ತಿರ, ಸ್ಪೋಕ್ ರಂಧ್ರದ ಹತ್ತಿರ ಚೆನ್ನಾಗಿರುವ ರಿಮ್‌ನಲ್ಲೂ ಸದ್ದು ಬದಲಾಗುತ್ತದೆ, ಗಾಬರಿ ಬೇಡ. ಗೀರಿನ ಜಾಗಕ್ಕೆ ಸರಿಯಾಗಿ ಎದುರು ಗೋಡೆಯಲ್ಲಿ, ಅದೇ ಎತ್ತರದಲ್ಲಿ ತಟ್ಟಿ ಹೋಲಿಸಿ. ಜೊತೆಗೆ ಎರಡೂ ಹೆಬ್ಬೆರಳು ಇಟ್ಟು ಆ ಜಾಗವನ್ನು ಒತ್ತಿ. ಕಿರ್ರ್ ಅಂದರೆ ಅಥವಾ ಒಳಕ್ಕೆ ಹೋದಂತೆ ಅನಿಸಿದರೆ ಮತ್ತೆ ಪರೀಕ್ಷೆ ಬೇಕಿಲ್ಲ. ಸದ್ದು ಸರಿಯಿದೆ ಅಂದಮಾತ್ರಕ್ಕೆ ಪಾಸ್ ಅಂತಲೂ ಅಲ್ಲ ಮತ್ತೆ, ಇದು ಕೆಟ್ಟದ್ದನ್ನು ಹಿಡಿಯುತ್ತದೆ, ಒಳ್ಳೆಯದಕ್ಕೆ ಗ್ಯಾರಂಟಿ ಕೊಡಲ್ಲ.

ಇಷ್ಟರಲ್ಲಿ ಪಾಸಾದರೆ ಟೇಪು, ಟೈರ್ ಹಾಕಿ ಚಕ್ರ ತಿರುಗಿಸಿ. ಮೊದಲು ನೇರ ಇದ್ದದ್ದು ಈಗ ಗೀರಿನ ಹತ್ತಿರವೇ ಅಲ್ಲಾಡುತ್ತಿದ್ದರೆ ಪೆಟ್ಟು ಒಳಗಿನ ತನಕ ಹೋಗಿದೆ. ಸ್ಪೋಕ್‌ಗಳನ್ನು ಮೀಟಿ ನೋಡಿ, ಒಂದೇ ಬದಿಯ ಸ್ಪೋಕ್‌ಗಳಲ್ಲಿ ಒಂದೆರಡು ಮಾತ್ರ ಸಡಿಲ ಸದ್ದು ಕೊಟ್ಟರೂ ಅದೇ ಅರ್ಥ. ಎಂದಿನ ಒತ್ತಡಕ್ಕೆ ಗಾಳಿ ತುಂಬಿ ರಾತ್ರಿ ಬಿಡಿ. ಬೆಳಿಗ್ಗೆ ವರ್ನಿಯರ್ ಕ್ಯಾಲಿಪರ್‌ನಿಂದ ಗೀರಿನ ಹತ್ತಿರ, ಆಮೇಲೆ ಬೇರೆ ಕಡೆ ಅಗಲ ಅಳೆಯಿರಿ, ಅಲ್ಲಿ ಮಾತ್ರ ಉಬ್ಬಿರಬಾರದು. ಟ್ಯೂಬ್‌ಲೆಸ್ ಆಗಿದ್ದು ರಿಮ್ ಗೋಡೆಯಿಂದ ಸೀಲಂಟ್ (ತೂತು ಮುಚ್ಚಲು ಟೈರ್ ಒಳಗೆ ಹಾಕುವ ದ್ರವ) ಜಿನುಗುತ್ತಿದ್ದರೆ ಬಿರುಕು ಆರಪಾರ ಆಗಿದೆ.

ರಿಮ್ ಬ್ರೇಕ್ ಇರುವವರು ಇನ್ನೂ ಕಟ್ಟುನಿಟ್ಟಾಗಿರಬೇಕು. ಬ್ರೇಕ್ ಪ್ಯಾಡ್ ಒತ್ತುವ ಪಟ್ಟಿಯ ಮೇಲೆ ನಾರು ಕಂಡರೆ ಆ ಚಕ್ರದಲ್ಲಿ ನಂದಿ ಬೆಟ್ಟ ಇಳಿಯಬೇಡಿ, ದಯವಿಟ್ಟು. 1,478 ಮೀಟರ್ ಎತ್ತರದ ಬೆಟ್ಟದಿಂದ ತಿರುವು ತಿರುವಿಗೂ ಬ್ರೇಕ್ ಹಿಡಿದು ಇಳಿಯುವಾಗ ರಿಮ್ ಕಾಯುತ್ತದೆ, ಬಿಸಿ ಮಿತಿ ಮೀರಿದರೆ ಎಪಾಕ್ಸಿ ಮೆತ್ತಗಾಗುತ್ತದೆ. ಡಿಸ್ಕ್ ಬ್ರೇಕ್‌ನವರಿಗೆ ಈ ತಲೆನೋವಿಲ್ಲ.

ಬರೀ ಲ್ಯಾಕರ್ ಹೋಗಿದ್ದರೆ ಹಾಗೇ ಬಿಡಬೇಡಿ. ನುಣುಪು ವಾಟರ್ ಪೇಪರ್‌ನಿಂದ, ನೀರು ಹಾಕಿಕೊಂಡೇ, ಮಾಸ್ಕ್ ಕಟ್ಟಿಕೊಂಡು ಗೀರಿನ ಅಂಚು ಉಜ್ಜಿ, ತೆಳುವಾಗಿ ಎಪಾಕ್ಸಿ ಅಥವಾ ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಿ. ಇದು ನೀರು, ಕೊಳೆ ತಡೆಯುವುದಕ್ಕಷ್ಟೇ, ರಿಪೇರಿ ಅಲ್ಲ. ಗೀರಿನ ಎರಡೂ ತುದಿಗೆ ಪೇಂಟ್ ಪೆನ್ನಿನಿಂದ ಚುಕ್ಕೆ ಇಡಿ. ವಾರಕ್ಕೊಮ್ಮೆ ಚಕ್ರ ಒರೆಸುವಾಗ ನೋಡಿ, ಗೆರೆ ಚುಕ್ಕೆ ದಾಟಿತಾ ಅಂತ. ದಾಟಿದ್ದರೆ ಓಡಿಸುವುದು ನಿಲ್ಲಿಸಿ.

ಅನುಮಾನ ಉಳಿದೇ ಇದೆ ಅಂದರೆ ಎರಡು ದಾರಿ. ಕಾರ್ಬನ್ ರಿಪೇರಿ ಮಾಡುವವರ ಹತ್ತಿರ ಅಲ್ಟ್ರಾಸೌಂಡ್ ಪರೀಕ್ಷೆ ಮಾಡಿಸಬಹುದು. ಇಲ್ಲಾ ಚಕ್ರ ಮಾಡಿದ ಕಂಪನಿಯನ್ನೇ ಕೇಳಿ, ಪೆಟ್ಟು ತಿಂದ ರಿಮ್‌ಗೆ ಕಡಿಮೆ ಬೆಲೆಯಲ್ಲಿ ಹೊಸದು ಕೊಡುವ ಯೋಜನೆ ಸುಮಾರು ಕಂಪನಿಗಳಲ್ಲಿದೆ, ಬಿಲ್ ಇಟ್ಟುಕೊಂಡಿದ್ದರೆ ಕೆಲಸ ಸಲೀಸು. ಎರಡೂ ಆಗದಿದ್ದರೆ, ಅದೂ ಮುಂದಿನ ಚಕ್ರ ಆಗಿದ್ದರೆ, ಸುಮ್ನೆ ಬಿಚ್ಚಿಡಿ. ಹಿಂದಿನದು ಕೈಕೊಟ್ಟರೆ ಸೈಕಲ್ ನಿಲ್ಲಿಸಿಕೊಳ್ಳುವ ಅವಕಾಶ ಸ್ವಲ್ಪವಾದರೂ ಇರುತ್ತದೆ, ಮುಂದಿನದರಲ್ಲಿ ಅದೂ ಇರಲ್ಲ.

ಹೋದ ರಿಮ್‌ನಿಂದ ಚಕ್ರದ ನಡುವಿನ ಹಬ್ ಬಿಚ್ಚಿಟ್ಟುಕೊಳ್ಳಿ, ಹೊಸ ರಿಮ್‌ಗೆ ಕಟ್ಟಿಸಬಹುದು. ರಿಮ್ಮನ್ನು ಮಾತ್ರ ಗುಜರಿಗೆ ಇಡಿಯಾಗಿ ಕೊಡಬೇಡಿ, ಆನ್‌ಲೈನಲ್ಲಿ 'ಸಣ್ಣ ಗೀರು ಇದೆ' ಅಂತ ಮಾರಲೂಬೇಡಿ. ಒದ್ದೆ ಬಟ್ಟೆ ಸುತ್ತಿ, ಹ್ಯಾಕ್‌ಸಾದಿಂದ ಒಂದು ಕಡೆ ಪೂರ್ತಿ ಕತ್ತರಿಸಿಬಿಡಿ, ಇನ್ಯಾರೂ ಅದಕ್ಕೆ ಟೈರ್ ಹಾಕದಂತೆ.