ಎಂಟೂಮುಕ್ಕಾಲು ಆಕ್ಸಲ್‌ಗೆ ಯಾವ ಬೇರಿಂಗ್?

ಡಾಜ್ ಚಾರ್ಜರ್, ಪ್ಲಿಮತ್ ರೋಡ್ ರನ್ನರ್‌ನಂಥ ಕ್ರೈಸ್ಲರ್ ಮಸಲ್ ಕಾರುಗಳ ಕೆಳಗೆ ಹೆಚ್ಚಾಗಿ ಕಾಣುವುದು ಎಂಟೂಮುಕ್ಕಾಲು ಇಂಚಿನ ರಿಂಗ್ ಗೇರ್ (ಡಿಫರೆನ್ಷಿಯಲ್‌ನ ದೊಡ್ಡ ಹಲ್ಲಿನ ಚಕ್ರ) ಇರುವ ಹಿಂದಿನ ಆಕ್ಸಲ್. ಇಲ್ಲಿ ಹೇಳುತ್ತಿರುವುದು 1965ರಿಂದ ಬಂದ, ತುದಿಯಲ್ಲಿ ಚಕ್ರ ಕೂರುವ ಬಿಲ್ಲೆ ಇರುವ ಫ್ಲೇಂಜ್ ಶಾಫ್ಟ್‌ಗಳ ಬಗ್ಗೆ. ಕಾರ್ಖಾನೆ ಕೊಟ್ಟದ್ದು ಟೇಪರ್ ರೋಲರ್ (ಓರೆ ಉರುಳೆಗಳ) ಬೇರಿಂಗ್. ಬದಲಿಗೆ ಸಿಗುವುದು ‘ಗ್ರೀನ್ ಬೇರಿಂಗ್’ ಎಂದೇ ಹೆಸರಾದ ಸೀಲ್ಡ್ ಬಾಲ್ ಬೇರಿಂಗ್.

ಟೇಪರ್ ಬೇರಿಂಗ್ ಶಾಫ್ಟ್ ಹೊರಕ್ಕೆ ಜಗ್ಗುವುದನ್ನು ಮಾತ್ರ ತಡೆಯುತ್ತದೆ. ತಿರುವಿನಲ್ಲಿ ಒಳಕ್ಕೆ ಬೀಳುವ ಒತ್ತಡ ಡಿಫರೆನ್ಷಿಯಲ್ ನಡುವಿನ ಥ್ರಸ್ಟ್ ಬ್ಲಾಕ್ (ಎರಡು ಶಾಫ್ಟ್ ತುದಿಗಳ ನಡುವಿನ ತುಂಡು) ದಾಟಿ ಎದುರು ಬದಿಯ ಬೇರಿಂಗಿಗೆ ಹೋಗುತ್ತದೆ. ಹಾಗಾಗಿ ಎರಡೂ ಶಾಫ್ಟ್‌ಗಳ ನಡುವೆ ಒಂದಿಷ್ಟು ಆಟ ಬೇಕೇ ಬೇಕು: 0.013ರಿಂದ 0.018 ಇಂಚು. ಹಿಂದೆ ಡಿಸ್ಕ್ ಬ್ರೇಕ್ ಹಾಕಿಸಿದ್ದರೆ ಇದೇ ಆಟ ಪ್ಯಾಡ್‌ಗಳನ್ನು ಹಿಂದಕ್ಕೆ ತಳ್ಳಿ ಪೆಡಲ್ ಕೆಳಗಿಳಿಸುತ್ತದೆ. ಅಲ್ಲಿ ಬಾಲ್ ಬೇರಿಂಗೇ ಸರಿ. ಡ್ರ್ಯಾಗ್ ಓಟಕ್ಕೂ ಅದು ಸಾಕು. ಘಾಟಿಯಂಥ ತಿರುವುಗಳಲ್ಲಿ ಜೋರಾಗಿ ಓಡಿಸುವವರು ಟೇಪರ್ ಬಿಡಬೇಡಿ. ಆಟದ ಸೆಟ್ಟಿಂಗ್ ತಲೆನೋವೆಂದು ಟೇಪರ್ ಬಿಡುವುದಂತೂ ಸೋಮಾರಿತನ.

ಡ್ರಮ್ ತೆಗೆದು, ಫ್ಲೇಂಜಿನ ತೂತಿನ ಮೂಲಕ ಐದು ನಟ್ ಬಿಚ್ಚಿ, ಸ್ಲೈಡ್ ಹ್ಯಾಮರ್‌ನಿಂದ ಶಾಫ್ಟ್ ಎಳೆಯಿರಿ. ಬೇರಿಂಗನ್ನು ಶಾಫ್ಟಿನ ಮೇಲೆ ಹಿಡಿದಿಡುವ ಕಾಲರ್‌ಗೆ ಉಳಿಯಿಂದ 90 ಡಿಗ್ರಿಗೊಂದರಂತೆ ನಾಲ್ಕು ಆಳದ ಕಚ್ಚು ಹಾಕಿದರೆ ಸಡಿಲವಾಗುತ್ತದೆ. ಗ್ಯಾಸ್ ಟಾರ್ಚ್ ಹಚ್ಚಬೇಡಿ, ಶಾಫ್ಟಿನ ಹದ ಹೋಗುತ್ತದೆ. ಹೊಸ ಬೇರಿಂಗ್ ಪ್ರೆಸ್ ಮಾಡುವ ಮುನ್ನ ಬೇರಿಂಗನ್ನು ಆಕ್ಸಲ್ ಕೊಳವೆಯಲ್ಲಿ ಹಿಡಿದಿಡುವ ರಿಟೇನರ್ ಪ್ಲೇಟ್ ಶಾಫ್ಟಿಗೆ ಏರಿದೆಯೇ ನೋಡಿ. ಮರೆತರೆ ಹೊಸ ಕಾಲರನ್ನೇ ಒಡೆಯಬೇಕು! ಬಲ ಬೀಳಬೇಕಾದ್ದು ಒಳ ರೇಸಿನ (ಬೇರಿಂಗಿನ ಒಳ ಉಂಗುರದ) ಮೇಲೆ ಮಾತ್ರ. ಹೊರ ರೇಸ್ ಒತ್ತಿದ ಬೇರಿಂಗ್ ಹೊಸದಾಗಿಯೇ ಗುರ್ ಅನ್ನುತ್ತದೆ.

ಟೇಪರ್‌ಗೆ ವೀಲ್ ಬೇರಿಂಗ್ ಗ್ರೀಸನ್ನು ರೋಲರ್‌ಗಳ ಸಂದಿಯಿಂದ ಹೊರಬರುವಷ್ಟು ಅಂಗೈಯಲ್ಲೇ ತುಂಬಿ. ಗೇರ್ ಆಯಿಲ್ ಅಲ್ಲಿಗೆ ತಲುಪುವುದಿಲ್ಲ, ಒಳ ಸೀಲ್ ತಡೆಯುತ್ತದೆ. ಆ ಸೀಲನ್ನೂ ಬದಲಿಸಿ.

ಎಡ ಶಾಫ್ಟ್ ಮೊದಲು ಕೂರಿಸಿ, ನಂತರ ಬಲ. ಆಟ ಹೊಂದಿಸುವ ಬಲಬದಿಯ ಅಡ್ಜಸ್ಟರನ್ನು ಆಟ ಪೂರ್ತಿ ಹೋಗುವವರೆಗೆ ಬಿಗಿದು, ಸುಮಾರು ನಾಲ್ಕು ಕಚ್ಚು ಹಿಂದಕ್ಕೆ ತಿರುಗಿಸಿ. ಎಡ ಶಾಫ್ಟಿನ ತುದಿಗೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಬಲಬದಿಯ ಕಪ್ (ಬೇರಿಂಗಿನ ಹೊರ ರೇಸ್) ತನ್ನ ಜಾಗಕ್ಕೆ ಕೂರುತ್ತದೆ. ಡಯಲ್ ಗೇಜ್ (ಸೂಕ್ಷ್ಮ ಚಲನೆ ಅಳೆಯುವ ಮುಳ್ಳಿನ ಮಾಪಕ) ಹಚ್ಚಿ ಶಾಫ್ಟನ್ನು ಎಳೆದು ತಳ್ಳಿ ಅಳೆಯಿರಿ, ಅಡ್ಜಸ್ಟರಿನ ಲಾಕ್ ಹಾಕಿದ ಮೇಲೆ ಇನ್ನೊಮ್ಮೆ. ಬಾಲ್ ಬೇರಿಂಗ್ ಹಾಕಿದ್ದರೆ ಈ ಲೆಕ್ಕ ಇಲ್ಲ. ಆದರೆ ಹಳೆಯ ಅಡ್ಜಸ್ಟರ್ ಅದನ್ನು ಒತ್ತಿ ಹಿಡಿದಿದ್ದರೆ ಬೇರಿಂಗ್ ಬಿಸಿಯಾಗಿ ಗ್ರೀಸ್ ಕಾರುತ್ತದೆ.