ಮನೆ ಕೆಡವಿಸಿದ್ದು ನಾನೇ

ನಾನು ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಗೆ ಆರಿಸಿ ಬಂದದ್ದು 2021ರ ಸೆಪ್ಟೆಂಬರಿನಲ್ಲಿ. ಮೊದಲು 67 ಇದ್ದ ವಾರ್ಡುಗಳು ಆ ಸಲ 82 ಆಗಿದ್ದವು. ಓಣಿಯಲ್ಲಿ ಗುಲಾಲು ಹಾರಿತು, ಪೇಢಾ ಹಂಚಿದೆವು. ಆಮೇಲೆ ಎಂಟು ತಿಂಗಳಿಗೂ ಜಾಸ್ತಿ ಸುಮ್ನೆ ಕೂತೆವು. ಮೇಯರ್ ಚುನಾವಣೆ ಆದದ್ದೇ 2022ರ ಮೇ ಕೊನೆಗೆ. ಜನರಿಗೆ ಅದನ್ನೆಲ್ಲ ಯಾರು ಹೇಳಬೇಕು? "ವೋಟ್ ಹಾಕಿಸ್ಕೊಂಡ್ರು, ಹ್ವಾದ್ರು" ಅಂತ ನಳದ ಹತ್ತಿರ ಮಾತಾಡಿಕೊಂಡರು.

ಆ ಖಾಲಿ ತಿಂಗಳುಗಳಲ್ಲಿ ಒಂದು ಉದ್ದನೆಯ ನೋಟ್‌ಬುಕ್ ಹಿಡಿದು ಕೊಳಚೆ ಪ್ರದೇಶದ ಮನೆ ಮನೆ ತಿರುಗಿದೆ. ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮ ಹತ್ತಿರ ಯಾವ ಕಾಗದ ಇದೆ? ಒಬ್ಬರು ತೀರಿಕೊಂಡ ಮಾವನ ಹೆಸರಿನ ಹಕ್ಕುಪತ್ರ ತಂದು ತೋರಿಸಿದರು, ಜೋಳದ ಹಿಟ್ಟಿನ ಡಬ್ಬಿಯಿಂದ, ಹಿಟ್ಟು ಝಾಡಿಸಿ. ಇನ್ನೊಬ್ಬರ ಹತ್ತಿರ ಬರೀ ಕರೆಂಟ್ ಬಿಲ್. ತುಂಬಾ ಜನರಿಗೆ ಹಕ್ಕುಪತ್ರ ಇತ್ತು, ಉತಾರ, ಅಂದರೆ ಪಾಲಿಕೆಯ ಆಸ್ತಿ ದಾಖಲೆಯ ಪ್ರತಿ, ಇರಲಿಲ್ಲ. ಹಕ್ಕುಪತ್ರ ಕೊಳಚೆ ಅಭಿವೃದ್ಧಿ ಮಂಡಳಿಯಿಂದ ಬರುತ್ತದೆ, ಉತಾರ ಪಾಲಿಕೆಯ ವಲಯ ಕಚೇರಿಯಿಂದ. ಎರಡರ ನಡುವೆ ಬಡವರ ಚಪ್ಪಲಿ ಸವೆಯುತ್ತದೆ.

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಒಂದು ಓಣಿಗೆ ಮನೆ ಮಂಜೂರಾದವು. ಕೇಂದ್ರದ ಪಾಲು ಮನೆಗೆ 1.5 ಲಕ್ಷ, ಅದರ ಮೇಲೆ ರಾಜ್ಯದ ಪಾಲು, ಉಳಿದದ್ದು ಮನೆಯವರ ವಂತಿಗೆ. ಗುತ್ತಿಗೆದಾರ ಬಂದು "ಜಾಗ ಖಾಲಿ ಮಾಡಿಸಿ ಕೊಡ್ರಿ, ಒಮ್ಮೆಲೇ ಎತ್ತೇನಿ" ಅಂದ. ನನಗೂ ಅವಸರ. ನಾನೇ ನಿಂತು ಹನ್ನೊಂದು ಮನೆ ಕೆಡವಿಸಿದೆ. ಪೂಜೆ ಆಯಿತು, ಫೋಟೋ ಆಯಿತು.

ಗೋಡೆ ಲಿಂಟಲ್ ಮಟ್ಟಕ್ಕೆ, ಅಂದರೆ ಬಾಗಿಲಿನ ಮೇಲಿನ ಪಟ್ಟಿಯವರೆಗೆ, ಬಂದು ನಿಂತುಬಿಟ್ಟಿತು. ಈ ಯೋಜನೆಯಲ್ಲಿ ಹಣ ಬರುವುದು ಕಂತಿನಲ್ಲಿ. ಅಡಿಪಾಯ, ಲಿಂಟಲ್, ಸ್ಲ್ಯಾಬ್ ಹೀಗೆ ಹಂತ ಹಂತಕ್ಕೂ ಜಾಗದ ಗುರುತು ಬೀಳುವಂತೆ ಫೋಟೋ ತೆಗೆದು ಏರಿಸಬೇಕು. ಕೆಲವರು ವಂತಿಗೆ ಕಟ್ಟಿರಲಿಲ್ಲ, ಗುತ್ತಿಗೆದಾರ ಅದನ್ನೇ ನೆಪ ಮಾಡಿದ. ಅಷ್ಟರಲ್ಲಿ ಮಳೆಗಾಲ ಬಂತು. ಪಾತ್ರೆ ತಿಕ್ಕುವ ಕೆಲಸಕ್ಕೆ ಹೋಗುವ ಒಬ್ಬ ಅಜ್ಜಿ ತಾಡಪತ್ರಿ ಕಟ್ಟಿಕೊಂಡು ಮೊಮ್ಮಗಳ ಜೊತೆ ಗೋಡೆ ಮೂಲೆಯಲ್ಲೇ ಇದ್ದಳು. "ಅಕ್ಕಾರ, ಹಳೇ ಮನಿ ಸೋರತಿತ್ತು ಖರೆ. ಆದ್ರ ಮ್ಯಾಲ ತಗಡಾರ ಇತ್ತಲ್ರಿ" ಅಂದಳು. ನನಗೆ ಉತ್ತರ ಹೊಳೆಯಲಿಲ್ಲ.

ಆ ಮೇಲೆ ಕ್ರಮ ಬದಲಿಸಿದೆ. ಒಮ್ಮೆಗೆ ಮೂರೇ ಮನೆ ಕೆಡವಬೇಕು, ಅವುಗಳ ಸ್ಲ್ಯಾಬ್ ಬೀಳುವವರೆಗೆ ನಾಲ್ಕನೆಯದನ್ನು ಮುಟ್ಟಬಾರದು. ವಂತಿಗೆ ಕಟ್ಟಿದ ರಸೀದಿ ನಾನು ಕಣ್ಣಾರೆ ನೋಡಬೇಕು. ಯಾವ ಅರ್ಜಿ ಕೊಟ್ಟರೂ ಆವಕ ನಂಬರ್, ಅಂದರೆ ಕಚೇರಿಗೆ ಅರ್ಜಿ ಬಂದದ್ದಕ್ಕೆ ಹಾಕುವ ನಂಬರ್, ಹಾಕಿಸಿಕೊಂಡೇ ಬರಬೇಕು. ನಂಬರ್ ಇಲ್ಲದ ಅರ್ಜಿ ಕಚೇರಿಯ ಮಟ್ಟಿಗೆ ಹುಟ್ಟೇ ಇಲ್ಲ. ಗುತ್ತಿಗೆದಾರ ಸಿಟ್ಟಾದ, ಆಗಲಿ ಬಿಡಿ.

ಮನೆ ಹೆಂಗಸಿನ ಹೆಸರಿಗೆ ಇರಬೇಕು, ಇಲ್ಲವೇ ಗಂಡ-ಹೆಂಡತಿ ಇಬ್ಬರ ಹೆಸರಿಗೆ ಅನ್ನುವುದು ಈ ಯೋಜನೆಯ ನಿಯಮ. ಇದನ್ನು ಹೇಳಿದಾಗ ಒಬ್ಬ ಗಂಡಸು "ಮನಿ ನಂದು, ಹೆಸರ್ ಆಕಿದ್ ಯಾಕ್ರಿ?" ಅಂತ ಜಗಳಕ್ಕೇ ನಿಂತ. ನಾನು ವಾದಕ್ಕೆ ಇಳಿಯಲಿಲ್ಲ. ನಿಯಮದ ಕಾಗದ ಮುಂದಿಟ್ಟು ಚಹಾ ತರಿಸಿದೆ. ಹಾಗೆ ನೋಡಿದರೆ ನನಗೂ ಅದೇ ಪಾಡು. ಮೊದಮೊದಲು ಅಧಿಕಾರಿಗಳು ಫೋನ್ ಮಾಡುತ್ತಿದ್ದದ್ದು ನಮ್ಮ ಯಜಮಾನರಿಗೆ. ಅವರು ಎರಡು ಸಲ "ಮೆಂಬರ್ ಆಕಿ, ಆಕಿಗೇ ಮಾಡ್ರಿ" ಅಂದ ಮೇಲೆ ನಿಂತಿತು. ಪೂರ್ತಿ ಅಲ್ಲ, ಜಾಸ್ತಿ ಪಾಲು.

ಶಾಲೆಯ ವಿಷಯದಲ್ಲಿ ನನ್ನ ಕೈ ಸಣ್ಣದು. ಮಾಸ್ತರರ ನೇಮಕ ಶಿಕ್ಷಣ ಇಲಾಖೆಯದು. ಶಿಕ್ಷಣ ಹಕ್ಕು ಕಾಯ್ದೆಯಡಿ (ಆರ್‌ಟಿಇ) ಬಡ ಮಕ್ಕಳಿಗೆ ಖಾಸಗಿ ಶಾಲೆಯಲ್ಲಿ ಸಿಗುವ ಪುಕ್ಕಟೆ ಸೀಟು ಕೇಳಿಕೊಂಡು ಈಗಲೂ ಬರುತ್ತಾರೆ. ಹತ್ತಿರ ಸರ್ಕಾರಿ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟಿಲ್ಲ ಅಂತ 2019ರಲ್ಲೇ ನಿಯಮ ಬದಲಾಗಿದೆ. ಇದನ್ನು ಹೇಳುವಾಗ ತಾಯಂದಿರ ಮುಖ ನೋಡಲು ಆಗುವುದಿಲ್ಲ. ಹಾಗಾಗಿ ಇರುವ ಸರ್ಕಾರಿ ಶಾಲೆಯನ್ನೇ ನೋಡೋಣ ಅಂತ ಹೋದೆ. ಏಳನೇ ತರಗತಿಯ ಹುಡುಗಿಯರು ತಿಂಗಳಲ್ಲಿ ಮೂರು-ನಾಲ್ಕು ದಿನ ಬರುವುದಿಲ್ಲ ಅಂತ ಟೀಚರ್ ಮೆಲ್ಲಗೆ ಹೇಳಿದರು. ಶೌಚಾಲಯ ಇತ್ತು, ಹೊಸದು, ಟೈಲ್ಸ್ ಹಾಕಿದ್ದು. ಬಾಗಿಲಿಗೆ ಬೀಗ. ಒಳಗೆ ನೀರೇ ಇಲ್ಲ, ತೆರೆದರೆ ಗಲೀಜಾಗುತ್ತದೆ ಅಂತ ಬೀಗ!

ಪೈಪು ಎಳೆಯಲು ಹಣ ಬೇಗ ಸಿಕ್ಕಿತು. ತಡ ಆದದ್ದು ನೀರಿನ ಬಿಲ್ ಯಾರು ಕಟ್ಟಬೇಕು ಅನ್ನುವುದಕ್ಕೆ. ಪತ್ರ ಹೋಯಿತು, ಪತ್ರ ಬಂತು. ಐದು ತಿಂಗಳು. ನಮ್ಮಲ್ಲಿ ನೀರು ಬರುವುದೂ ದಿನಾಲು ಅಲ್ಲ, ಹಾಗಾಗಿ ಮೇಲೆ ದೊಡ್ಡ ಸಿಂಟೆಕ್ಸ್ ಕೂಡಿಸಿದೆವು. ಈಗ ಬೀಗದ ಕೈ ಏಳನೇ ತರಗತಿಯ ಹುಡುಗಿಯರ ಹತ್ತಿರವೇ ಇದೆ.

ಹನ್ನೊಂದರಲ್ಲಿ ಒಂಬತ್ತು ಮನೆಗೆ ಸ್ಲ್ಯಾಬ್ ಬಿದ್ದಿದೆ. ಅಜ್ಜಿಯದೂ ಆಗಿದೆ, ಗಿಲಾವು ಆಗಿಲ್ಲ. ಉಳಿದ ಎರಡರ ವಾರಸಾ (ವಾರಸುದಾರರ ಹೆಸರಿಗೆ ಮಾಡುವ) ಕಾಗದ ವಲಯ ಕಚೇರಿಯಲ್ಲಿದೆ. ಆವಕ ನಂಬರ್ ನನ್ನ ನೋಟ್‌ಬುಕ್ಕಿನಲ್ಲಿದೆ, ಸೋಮವಾರ ಮತ್ತೆ ಹೋಗಬೇಕು.